ಐಸಿಸಿ ಸಭೆಯಲ್ಲಿ ಕೊನೆ ಭಾಗದವರು ಏನು ಕೇಳಬೇಕು

ತುಂಗಭದ್ರಾ ಎಡದಂಡೆ ನಾಲೆಗೆ ನೀರು ಬಿಡುವುದನ್ನು ಐಸಿಸಿ (ನೀರಾವರಿ ಸಲಹಾ ಸಮಿತಿ) ಸಭೆಯಲ್ಲಿ ಮಂತ್ರಿ, ಶಾಸಕರೇ ತೀರ್ಮಾನ ಮಾಡುತ್ತಾರೆ, ನಾಲೆಯ ಕೊನೆ ಭಾಗದ ಮಾನ್ವಿ ಕಡೆಯ ನಾವು ಹೋಗಿ ಏನು ಉಪಯೋಗ ಅಂತ ಒಬ್ಬರು ಕೇಳಿದ್ದಾರೆ.

ಆ ಸಭೆಯಲ್ಲಿ ಗೊತ್ತಾಗುವುದು ಎಷ್ಟು ಕ್ಯೂಸೆಕ್, ಯಾವ ತಾರೀಖಿನವರೆಗೆ ಅನ್ನುವುದಷ್ಟೇ. ಯಾರ ಹೊಲಕ್ಕೆ ಮುಟ್ಟುತ್ತದೆ ಅನ್ನುವುದು ದಾರಿಯಲ್ಲಿ ತೀರ್ಮಾನವಾಗುತ್ತದೆ. ಈ ಅಚ್ಚುಕಟ್ಟಿನ ಹೆಚ್ಚಿನ ಜಮೀನು ಜೋಳ, ಶೇಂಗಾ, ಹತ್ತಿಯಂಥ ಕಡಿಮೆ ನೀರಿನ ಬೆಳೆಗೆ ಅಂತ ಗೊತ್ತು ಮಾಡಿದ್ದು. ಮೇಲ್ಭಾಗದಲ್ಲಿ ಭತ್ತ ಬಂತು. ಅಚ್ಚುಕಟ್ಟಿನ ಹೊರಗಿನವರೂ ಪಂಪ್ ಇಟ್ಟರು. ಹೂಳು ತುಂಬಿ ಜಲಾಶಯ 133 ಟಿಎಂಸಿಯಿಂದ ಸುಮಾರು 105ಕ್ಕೆ ಇಳಿಯಿತು. ಈ ಮೂರರ ಹೊರೆಯೂ ಬಿದ್ದದ್ದು ಕೆಳಗಿನವರ ಮೇಲೆಯೇ.

ಅದಕ್ಕೇ ಸಭೆಗೆ ಹೋದರೆ 'ಎರಡನೇ ಬೆಳೆಗೆ ನೀರು ಕೊಡಿ' ಅಂತ ಸುಮ್ನೆ ಕೂಗಬೇಡಿ. ಆ ಕೂಗನ್ನು ಮೇಲ್ಭಾಗದವರೂ ಹಾಕುತ್ತಾರೆ, ಲಾಭವೂ ಅವರಿಗೇ. ನಾಲೆಯ ಮೈಲ್ 69ರಲ್ಲಿ, ಮೈಲ್ 104ರಲ್ಲಿ ಎಷ್ಟು ಅಡಿ ಗೇಜ್ (ನೀರಿನ ಮಟ್ಟ) ಕಾಯುತ್ತೀರಿ, ತಪ್ಪಿದರೆ ಯಾವ ಎಂಜಿನಿಯರ್ ಉತ್ತರ ಕೊಡುತ್ತಾರೆ, ಇಷ್ಟನ್ನು ನಡಾವಳಿಯಲ್ಲಿ ಬರೆಸಿ.

2024ರಲ್ಲಿ ನೀರಾವರಿ ಕಾಯ್ದೆ ತಿದ್ದಿ ಅಕ್ರಮವಾಗಿ ನೀರೆತ್ತುವವರಿಗೆ ಶಿಕ್ಷೆ ಜಾಸ್ತಿ ಮಾಡಿದ್ದಾರೆ. ನನಗೆ ಅದರ ಮೇಲೆ ಅಷ್ಟು ನಂಬಿಕೆ ಇಲ್ಲ. ನಾಲೆ ಪಕ್ಕದ ಎರಡೆಕರೆಯವನ ಪೈಪು ಮೊದಲು ಕೀಳುತ್ತಾರೆ. ನೆಲದಡಿ ಪೈಪ್ ಹಾಕಿ ದೂರ ಒಯ್ದವನದ್ದು ಯಾರ ಕಣ್ಣಿಗೂ ಬೀಳುವುದಿಲ್ಲ, ಅಲ್ವಾ?

ನಿಮ್ಮ ಉಪಕಾಲುವೆಯ ನೀರು ಬಳಕೆದಾರರ ಸಂಘವನ್ನು ಬಿಡಬೇಡಿ. ಕಾಗದದ ಮೇಲಷ್ಟೇ ಇದ್ದರೂ ಪರವಾಗಿಲ್ಲ, ಲೆಟರ್‌ಹೆಡ್ ಕೆಲಸಕ್ಕೆ ಬರುತ್ತದೆ. ಕಮಿಟಿಯಲ್ಲಿ ಕೊನೆ ತೂಬಿನವರು ಒಬ್ಬರಾದರೂ ಇರಲಿ. ಬೇರೆಯವರ ಹೊಲ ಗುತ್ತಿಗೆಗೆ ಮಾಡುವವರನ್ನೂ ಕೂರಿಸಿಕೊಳ್ಳಿ. ನೀರು ಬಾರದೆ ಬೆಳೆ ಒಣಗಿದರೆ ಪರಿಹಾರ ಪಹಣಿಯಲ್ಲಿ ಹೆಸರಿದ್ದವರಿಗೆ ಹೋಗುತ್ತದೆ, ಗುತ್ತಿಗೆಗೆ ಒಪ್ಪಿದ ಧಾನ್ಯದ ಚೀಲ ಮಾತ್ರ ಇವರು ಅಳೆದು ಕೊಡಬೇಕು. ಸಭೆಯಲ್ಲಿ ಈ ಮಾತು ಎತ್ತಿದರೆ ನಮ್ಮಲ್ಲೇ ಕೆಲವರಿಗೆ ಇರುಸುಮುರುಸಾಗುತ್ತದೆ. ಆಗಲಿ.

ಗೇಜ್ ಪಟ್ಟಿಯ ಫೋಟೋ ದಿನಾ ಬೆಳಿಗ್ಗೆ ಒಂದೇ ಹೊತ್ತಿಗೆ ತೆಗೆದು ಗುಂಪಿಗೆ ಹಾಕಿ. ಕಳೆದ ಹಂಗಾಮಿನ ಗೇಜ್ ರಿಜಿಸ್ಟರ್ ನಕಲಿಗೆ ಈಗಲೇ ಮಾಹಿತಿ ಹಕ್ಕು ಅರ್ಜಿ ಹಾಕಿ. ಉತ್ತರಕ್ಕೆ 30 ದಿನ ಗಡುವು ಇರುವುದರಿಂದ ನಾಲೆಗೆ ನೀರು ಬಂದ ಮೇಲೆ ಹಾಕಿದರೆ ತಡವಾಗುತ್ತದೆ. ಶುಲ್ಕ 10 ರೂಪಾಯಿ. ಒಂದು ಅರ್ಜಿಯಲ್ಲಿ ಒಂದೇ ವಿಷಯ, 150 ಪದದೊಳಗೆ. ಹಾಗಾಗಿ ಮೈಲ್ 69, 104 ಎರಡಕ್ಕೂ ಬೇರೆ ಬೇರೆ ಅರ್ಜಿ ಹಾಕುವುದು ವಾಸಿ.