ಸಂಪಾದಕರ ಉತ್ತರ: ದಾಸರ ಪದ ಕೇಳಿದ್ರ ಪೇತ್ರ ನೆನಪಾಗ್ತಾನ, ತಪ್ಪೇನ್ರಿ?

ಬಾಗಲಕೋಟಿ ನವನಗರದಿಂದ ಒಬ್ಬ ಅಕ್ಕಾರು ನಾಕು ಪೇಜಿನ ಪತ್ರ ಬರದಾರ. ಹೆಸರು ಹಾಕಬ್ಯಾಡ್ರಿ ಅಂದಾರ, ಹಾಕಂಗಿಲ್ಲ. ಪೂರ್ತಿ ಪತ್ರಕ್ಕ ಜಾಗಾ ಇಲ್ಲ, ಅದರಾಗಿನ ಮಾತು ಇಷ್ಟು. ಅವರ ಯಜಮಾನ್ರಿಗೆ ಎರಡೂ ಕಿಡ್ನಿ ಫೇಲ್ ಆಗ್ಯಾವ, ವಾರಕ್ಕ ಮೂರು ಸಲ ಡಯಾಲಿಸಿಸ್, ಒಂದೊಂದ ಸಲಾನೂ ನಾಕು ತಾಸು. ಆ ನಾಕು ತಾಸು ಗಂಡ ಹೆಂಡತಿ ಇಯರ್‌ಫೋನಿನ ಒಂದೊಂದು ತುದಿ ಕಿವ್ಯಾಗ ಇಟಗೊಂಡು ಪುರಂದರದಾಸರ "ಈಸಬೇಕು ಇದ್ದು ಜೈಸಬೇಕು" ಕೇಳತಾರಂತ, ಅದೊಂದ ಪದ, ತಿರುಗಾ ಮುರುಗಾ. ಈಸಬೇಕು ಅಂದಾಗೆಲ್ಲ ಅಕ್ಕಾರ ಕಣ್ಮುಂದ ನೀರಾಗ ಮುಳಗಾಕ ಹತ್ತಿದ ಶಿಷ್ಯ ಪೇತ್ರ, ಅವನ ಕೈ ಹಿಡದ ಯೇಸುಸ್ವಾಮಿ ಬರತಾರಂತ. ಇದನ್ನ ಪ್ರಾರ್ಥನಾ ಕೂಟದಾಗ ಹೇಳಿದ್ದಕ್ಕ ಒಬ್ರು ಹಿರಿಯರು "ಅದು ವಿಠಲನ ಪದ, ನಮ್ಮ ಪುಸ್ತಕದಾಗ ಹಾಡು ಕಡಿಮಿ ಬಿದ್ದಾವೇನವಾ?" ಅಂದ್ರಂತ. ಇಲ್ಲದ್ದನ್ನ ನಾನು ಕಾಣಾಕತ್ತೇನೋ ಹೆಂಗ, ಇದು ಪಾಪಾನೋ ಹೆಂಗ, ಅಂತ ಕೇಳ್ಯಾರ.

ಅಕ್ಕಾರ, ಪಾಪ ಅಲ್ರಿ. ಮೊದಲ ಅದನ್ನ ಹೇಳಿಬಿಡತೇನಿ, ಯಾಕಂದ್ರ ಉಳಿದದ್ದು ಸ್ವಲ್ಪ ಉದ್ದ ಐತಿ, ಡಯಾಲಿಸಿಸ್ ಹೊತ್ತಿನ್ಯಾಗ ಓದೂರು ನೀವು, ಉತ್ತರಕ್ಕ ಕೊನೀತನಕ ಕಾಯೂದು ಬ್ಯಾಡ.

ಹಿರಿಯರ ಮ್ಯಾಲ ಸಿಟ್ಟ ಆಗಬ್ಯಾಡ್ರಿ, ಆದ್ರ ಒಂದು ಮಾತು ಅವರಿಗೆ ಮುಟ್ಟಸ್ರಿ. ದಾಸರ ಪದಗಳನ್ನ ಕೂಡಿಹಾಕಿ ಮೊದಮೊದಲು ಅಚ್ಚ ಹಾಕಿಸಿದವರ ಪೈಕಿ ಜರ್ಮನ್ ಪಾದ್ರಿ ಹರ್ಮನ್ ಮೋಗ್ಲಿಂಗ್ ಒಬ್ರು, 1850ರ ಸುಮಾರಿಗೆ, ಮಂಗಳೂರಾಗ, ಬಾಸೆಲ್ ಮಿಷನ್ನಿನ ಪ್ರೆಸ್ಸಿನ್ಯಾಗ. ಅದ ಮಿಷನ್ನಿನವರು 1851ರಾಗ ನಿಮ್ಮ ಬಾಜೂಕಿನ ಗುಳೇದಗುಡ್ಡಕ್ಕ ಬಂದು ನೇಕಾರರ ನಡುವ ಕೆಲಸ ಶುರು ಮಾಡಿದ್ದು. ನಿಮ್ಮ ಹಿರಿಯರ ಮುತ್ಯಾಗೋಳಿಗೆ ಸುವಾರ್ತೆ ಹೇಳಿದ ಮಿಷನ್ನಿನವರ ದಾಸರ ಪದಾನೂ ಅಚ್ಚ ಮಾಡ್ಯಾರಂದಮ್ಯಾಗ ಮೊಬೈಲಿನ್ಯಾಗ ಕೇಳಿದವರಿಗೆ ಏನಂತೀರಿ? ನಮ್ಮ ಬೆಳಗಾವಿ ಜಿಲ್ಲಾದಾಗ, ದೇಶನೂರಾಗ, ಜೆಸ್ವಿಟ್ ಪಾದ್ರಿಗಳು ಕಾವಿ ಉಟ್ಟು ವಿರಕ್ತಮಠ ಅಂತ ಹೆಸರಿಟ್ಟು ನಡಸಿದ್ದೂ ಐತಿ. ಕೆಲವರಿಗೆ ಅದು ಅತಿ ಆತು ಅನಸತೈತಿ, ನನಗೂ ಒಮ್ಮೊಮ್ಮೆ ಅನಸೈತಿ, ಇರಲಿ.

ಬೈಬಲ್ಲಿನ್ಯಾಗ ನೋಡೂಣು ಅಂದ್ರ ಅಪೊಸ್ತಲ ಪೌಲ ಗ್ರೀಸಿನ ಅಥೇನೆ ಊರಾಗ ನಿಂತು "ನಾವು ಅವನ ಸಂತಾನ" ಅಂತ ಒಂದು ಸಾಲು ಹೇಳತಾನಲ್ಲ, ಅಪೊಸ್ತಲರ ಕೃತ್ಯಗಳು 17:28, ಅದು ಅರಾಟಸ್ ಅನ್ನೋ ಗ್ರೀಕ ಕವೀದು, ಕವಿ ಅದನ್ನ ಬರದದ್ದು ಜ್ಯೂಸ್ ದೇವರ ಮ್ಯಾಲ. ಪೌಲಗ ಗೊತ್ತಿರಲಿಲ್ಲೇನು? ಗೊತ್ತಿತ್ತು, ಆ ಕವಿ ಪೌಲನ ಕಿಲಿಕ್ಯ ಸೀಮಿಯವನ. ಇನ್ನೂ ಮುಖ್ಯದ್ದು, ಶಿಲುಬಿ ಮ್ಯಾಲ ಯೇಸುಸ್ವಾಮಿ "ನನ್ನ ದೇವರೇ, ನನ್ನ ದೇವರೇ, ಯಾಕ ನನ್ನ ಕೈಬಿಟ್ಟಿ" ಅಂದದ್ದು ಹಳೇ ಒಡಂಬಡಿಕೆಯ 22ನೇ ಕೀರ್ತನೆಯ ಮೊದಲನೇ ಸಾಲು. ಉಸಿರು ಸಿಗದಂಥಾ ಹೊತ್ತಿನ್ಯಾಗ ಸ್ವಾಮಿ ಬಾಯಿಗೆ ಬಂದದ್ದು ಯಾರದೋ ಹಳೇ ಹಾಡು, ಇನ್ನೊಬ್ಬನ ಸಂಕಟದ ಹಾಡು. ನೀವು ಮಾಡಾಕತ್ತಿದ್ದೂ ಅದನ್ನ ಅಲ್ಲೇನ್ರಿ?

ಇಷ್ಟು ಹೇಳಿ ಒಂದು ಬ್ರೇಕ್ ಹಾಕಬೇಕಾಗೈತಿ. ಪತ್ರದಾಗ ನೀವು "ದಾಸರು ತಮಗ ಗೊತ್ತಿಲ್ಲದಂಗ ಯೇಸುವಿನ ಬಗ್ಗೇನ ಹಾಡ್ಯಾರ" ಅಂತ ಬರದೀರಿ, ಅದನ್ನ ಒಪ್ಪಾಕ ನನಗ ಆಗೂದಿಲ್ಲ. ದಾಸರಿಗೆ ಚೊಲೋ ಗೊತ್ತಿತ್ತು ತಾವು ಯಾರನ್ನ ಹಾಡಾಕತ್ತೇವಿ ಅಂತ, ಕೊನೇ ನುಡಿಯಾಗ ಪುರಂದರ ವಿಠಲ ಅಂತ ಅಂಕಿತಾನ ಹಾಕ್ಯಾರ. ನಮ್ಮ ಕಡೆ ಪಂಢರಪುರಕ್ಕ ದಿಂಡಿ ಕಟಗೊಂಡು ನಡಕೋತ ಹೋಗೋ ಮಂದಿ ಎಷ್ಟದಾರ, ಅವರ ಪದ ಅದು. ನಾವು ಕೇಳಬಹುದು, ಅಳಬಹುದು, ನಮ್ಮ ಸ್ವಾಮಿ ನೆನಪಾದ್ರ ಆಗಲಿ, ಆದ್ರ ದಾಸರನ್ನ ಎತಗೊಂಡು ಹೋಗಿ ಚರ್ಚಿನ ಬೆಂಚಿನ ಮ್ಯಾಲ ಕುಂದ್ರಸೂದು ಬ್ಯಾಡ. ನಾಳೆ ಯಾರಾದ್ರೂ ಬಂದು ನಿಮ್ಮ ಕೀರ್ತನೆಗಳೆಲ್ಲ ಖರೇ ಅಂದ್ರ ನಮ್ಮ ದೇವರ ಮ್ಯಾಲಿನವ ಅಂದ್ರ ನಮಗ ಹೆಂಗ ಅನಸತೈತಿ?

ಈಗ ಪದಕ್ಕ ಬರೂಣು. ಈಸು ಅನ್ನೋ ಮಾತು ನೋಡ್ರಿ, ಬೆಂಗಳೂರು ಕಡೇದವರು ಈಜು ಅಂತಾರ, ನಾವು ಇವತ್ತಿಗೂ "ನಿನಗ ಈಸಾಕ ಬರತೈತೇನು?" ಅಂತನ ಕೇಳೂದು. ನನಗ ಕಾಕಾ ಕಲಿಸಿದ್ದು ಹೊಲದ ಬಾವ್ಯಾಗ, ಬೆನ್ನಿಗೆ ಖಾಲಿ ಎಣ್ಣಿ ಡಬ್ಬಿ ಕಟ್ಟಿ, ಸೊಂಟಕ್ಕ ಹಗ್ಗ ಹಾಕಿ, ಹಗ್ಗದ ತುದಿ ತಾನು ಹಿಡಕೊಂಡು ಒಂದ ಸಲ ತಳ್ಳಿಬಿಟ್ಟಿದ್ದ. ಚರ್ಚಿನ್ಯಾಗ ಪ್ರಸಂಗ ಮಾಡೂರಿಗೆ ಈ ಹಗ್ಗ ಭಾಳ ಛಂದ ಉದಾಹರಣೆ ಆಗತೈತಿ, ನಾ ಅದರ ತಂಟೇಕ ಹೋಗೂದಿಲ್ಲ, ಯಾಕಂದ್ರ ನೀರು ಕುಡದವಗ ಹಗ್ಗ ನೆನಪಿರೂದಿಲ್ಲ.

ನಿಮ್ಮ ಪೇತ್ರನ ಮಾತು ನನಗ ಹಿಡಿಸಿದ್ದು ಬ್ಯಾರೇ ಕಾರಣಕ್ಕ. ಪೇತ್ರಗ ಈಸಾಕ ಬರತಿತ್ತು. ಮೀನ ಹಿಡಿಯೂವ, ಯೋಹಾನನ ಸುವಾರ್ತೆ 21ರಾಗ ದಂಡಿ ಮ್ಯಾಲ ಸ್ವಾಮಿ ನಿಂತಾರ ಅಂತ ಗೊತ್ತಾದ ಕೂಡ್ಲೆ ದೋಣಿಯಿಂದ ನೀರಿಗೆ ಜಿಗಿದಾನ, ದಂಡಿಗೆ ಇನ್ನೂರು ಮೊಳ ದೂರ ಇತ್ತಂತ. ಅಂಥಾವ ಮತ್ತಾಯ 14ರಾಗ ಸ್ವಾಮಿ ಕಡೆ ನೀರ ಮ್ಯಾಲ ನಡಕೋತ ಹೋಗೂವಾಗ ಗಾಳಿ ನೋಡಿ ಹೆದರಿ ಮುಳಗಾಕ ಹತ್ತಿದಾಗ ಕೈ ಕಾಲು ಬಡೀಲಿಲ್ಲ, "ಸ್ವಾಮೀ, ಕಾಪಾಡು" ಅಂದ. ಈಸು ಬರೂವಗೂ ಈಸು ಸಾಲದ ಹೊತ್ತು ಇರತೈತಿ. ದಾಸರು ಹೇಳೂದು ಈಸು ಅಂತ, ಪೇತ್ರ ಹೇಳೂದು ಇನ್ನ ನನ್ನ ಕೈಲೆ ಆಗೂದಿಲ್ಲ ಅಂತ. ಎರಡೂ ಒಂದ ಅಲ್ರಿ ಅಕ್ಕಾರ, ಎಳದು ಒಂದ ಮಾಡಬ್ಯಾಡ್ರಿ. ವಾರಕ್ಕ ಮೂರು ಸಲ ಆ ಕುರ್ಚಿ ಮ್ಯಾಲ ಕುಂದ್ರೂ ಮನಷ್ಯಾಗ ಒಂದಿನ ಇದು ಬೇಕಾಗತೈತಿ, ಒಂದಿನ ಅದು.

ಪದದಾಗ ಗಂಟು ಬೀಳೂದು ಎರಡನೇ ಸಾಲಿನ್ಯಾಗ. "ಹೇಸಿಗೆ ಸಂಸಾರದಲ್ಲಿ ಆಶಾ ಲೇಶ ಇಡದ್ಹಾಂಗ." ಒಂದು ಚೂರೂ ಆಶಾ ಇಡಬ್ಯಾಡ ಅಂತಾರ ದಾಸರು, ನೀವು ನೋಡಿದ್ರ ಯಜಮಾನ್ರು ಬದುಕಬೇಕಂತ ಬೆಟ್ಟದಷ್ಟು ಆಶಾ ಇಟಗೊಂಡು ಕುಂತೀರಿ. ಇಲ್ಲಿ ನಮ್ಮ ಸುವಾರ್ತೆ ಮತ್ತು ಆ ಪದ ಬ್ಯಾರೆ ಬ್ಯಾರೆ ದಾರಿ ಹಿಡೀತಾವ ಅನಸತೈತಿ ನನಗ. ಸ್ವಾಮಿ ಗೆತ್ಸೇಮನೆ ತೋಟದಾಗ ಆಶಾ ಪಟ್ರು, ಆಗೂದಿದ್ರ ಈ ಸಂಕಟದ ಪಾತ್ರೆ ನನ್ನಿಂದ ದೂರ ಹೋಗಲಿ ಅಂತ ಕೇಳಿದ್ರು, ಸತ್ತ ಗೆಳೆಯ ಲಾಜರನ ಗೋರಿ ಮುಂದ ಅತ್ರು. ಹಂಗಂತ ದಾಸರು ಒಣಾ ವೈರಾಗ್ಯ ಹೇಳಿದ್ರು ಅಂತ ತಿಳಕೊಂಡ್ರ ಅದೂ ತಪ್ಪ, ಮುಂದಿನ ನುಡಿ ಕೇಳ್ರಿ, "ತಾಮರಸ ಜಲದಂತೆ ಪ್ರೇಮವಿಟ್ಟು ಭವದೊಳು" ಅಂತಾರ, ಪ್ರೇಮ ಇಡು ಅಂತನ ಅಂತಾರ. ತಾವರಿ ನೀರಾಗ ಇದ್ದೂ ನೀರು ಹಿಡಿಸಿಕೊಳ್ಳದಂಗ. ಯೋಹಾನ 17ರಾಗ ಸ್ವಾಮಿ ಶಿಷ್ಯರ ಸಲುವಾಗಿ ಬೇಡಕೋತಾರಲ್ಲ, ಇವರನ್ನ ಲೋಕದಿಂದ ತಗೊಂಡು ಹೋಗು ಅಂತ ಕೇಳೂದಿಲ್ಲ, ಕೆಟ್ಟದ್ದರಿಂದ ಕಾಯಿ ಅಂತ ಕೇಳತೇನಿ ಅಂತ, ದಾಸರ "ಇದ್ದು" ಅನ್ನೋ ಆ ಎರಡಕ್ಷರ ಅದರ ಬಾಜೂಕ ಬಂದು ನಿಲ್ಲತೈತಿ. ಓಡಿ ಹೋಗಿ ಜೈಸು ಅನ್ನಲಿಲ್ಲ, ಇದ್ದು ಜೈಸು ಅಂದ್ರು. ನೀವು ಆ ಖೋಲಿ ಬಿಟ್ಟು ಎದ್ದು ಹೋಗದ ಕುಂತೀರಲ್ಲ, ಅದು ಇದ್ದು.

ಪತ್ರದ ಕೊನೆಗೆ ಸಣ್ಣಕ್ಷರದಾಗ ಏನೋ ಮರತವರಂಗ ಒಂದು ಮಾತು ಸೇರಿಸೀರಿ, ನಾನು ಅಲ್ಲೇ ನಿಂತೆ. ಹಳೇ ಬಾಗಲಕೋಟಿ ಕಿಲ್ಲಾದಾಗಿನ ನಿಮ್ಮ ತವರಮನಿ ಆಲಮಟ್ಟಿ ಹಿನ್ನೀರಾಗ ಹೋತು, ಅಪ್ಪ ದಂಡಿ ಮ್ಯಾಲ ನಿಂತು ನೋಡಕೋತ ನಿಂತಿದ್ದ ಅಂತ. ಡ್ಯಾಮಿನ ನೀರು 519.60 ಮೀಟರಿಗೆ ನಿಂತೈತಿ, ಇನ್ನ 524.256ಕ್ಕ ಏರಸೂ ಮಾತೈತಿ, ನಿಮ್ಮ ಕಡೆ ಮಂದಿಗೆ ಈ ನಂಬರ್ ಬಾಯಿಪಾಠ. ಈ ಪದ ನಿಮ್ಮನ್ನ ಯಾಕ ಬಿಡವಲ್ದು ಅನ್ನೂದು ನನಗ ಅಲ್ಲಿ ತಿಳೀತು. ಮತ್ತ ಯಜಮಾನ್ರಿಗೆ ದಿನಕ್ಕ ಇಷ್ಟ ನೀರು ಅಂತ ಡಾಕ್ಟರ್ ಅಳತಿ ಹಾಕಿಕೊಟ್ಟಾರ, ನೀರಡಿಕಿ ತಡೀದ ಐಸಿನ ತುಂಡು ಚೀಪತಾರ ಅಂತ ಬರದೀರಿ. ಸುತ್ತಲೂ ನೀರು, ಬಾಯಾಗ ನೀರಿಲ್ಲ.

69ನೇ ಕೀರ್ತನೆ ತಗೀರಿ. ನೀರು ಕುತಗೀತನಕ ಬಂತು ಅಂತ ಶುರು ಆಗತೈತಿ, ಮೂರನೇ ವಚನಕ್ಕ ಬರೂದ್ರಾಗ ಕೂಗಿ ಕೂಗಿ ಗಂಟಲ ಒಣಗಿ ಹೋತು ಅಂತಾನ. ಮುಳಗೂದೂ ಒಣಗೂದೂ ಕೂಡೇ. ನನಗ ಇಷ್ಟು ದಿನ ಇದು ಕವಿಯ ಗೊಂದಲ ಅನಸ್ತಿತ್ತು, ನಿಮ್ಮ ಪತ್ರ ಓದಿದ ಮ್ಯಾಲ ಅನಸವಲ್ದು. ಆ ಕೀರ್ತನೆ ತಲಿಮ್ಯಾಲ ಹೀಬ್ರೂದಾಗ ಶೋಶನ್ನೀಮ್ ಅಂತ ಧಾಟಿಯ ಹೆಸರೈತಿ, ಲಿಲಿ ಹೂ ಅಂತ ಅರ್ಥ ಹೇಳತಾರ. ತಾವರಿ ಮತ್ತು ಲಿಲಿ! ಇದರಿಂದ ಏನೂ ಸಿದ್ಧ ಆಗೂದಿಲ್ಲ ಬಿಡ್ರಿ, ಆದ್ರ ಹೇಳದ ಇರಾಕ ಆಗಲಿಲ್ಲ.

ಆ ಇಯರ್‌ಫೋನಿನ್ಯಾಗ ದಾಸರ ಪದ ಮುಗದ ಮ್ಯಾಲ ಒಂದಿನ ಇದನ್ನೂ ಓದಿ ಕೇಳಸ್ರಿ, ಪದದ ಬದಲಿ ಅಂತ ಅಲ್ಲ, ಜೋಡಿ.

ಒಂದು ಉಳೀತು. ಕೊನೇ ನುಡಿಯಾಗ ಗಾಳದ ಮಾಂಸದಾಸೆಗೆ ಮೀನ ಸಿಕ್ಕೊಳ್ಳೋ ಸಾಲು ಬಂದಾಗೆಲ್ಲ ಯಜಮಾನ್ರು ನಗತಾರ ಅಂತ ಬರದೀರಿ, ಯಾಕ ಅಂತ ಬರೀಲಿಲ್ಲ. ಕೇಳಿ ಬರೀರಿ, ಮುಂದಿನ ಸಂಚಿಕಿಗೆ ಜಾಗಾ ಇಟ್ಟೇನಿ.