ಭಯ ಸರಿಯಾಗಿಯೇ ಇದ್ದಾಗ: ಒಬ್ಬ ಫೆಸಿಲಿಟಿ ಮ್ಯಾನೇಜರ್ ಪ್ರಕರಣ

ಕಟ್ಟಡ ನೋಡಿಕೊಳ್ಳುವ ಕೆಲಸದವರು ಆಪ್ತಸಲಹೆಗೆ ಬರುವುದು ಈಚೆಗೆ ಜಾಸ್ತಿಯಾಗಿದೆ. ಬೆಂಗಳೂರಿನ ಟೆಕ್ ಪಾರ್ಕಿನವರು ಬರುತ್ತಾರೆ. ಗಲ್ಫ್‌ನಿಂದ, ಯುರೋಪಿನಿಂದ ವಿಡಿಯೊ ಕಾಲ್‌ನಲ್ಲಿ ಮಾತಾಡುವವರೂ ಇದ್ದಾರೆ. ಎಲ್ಲರ ಕಷ್ಟವೂ ಹೆಚ್ಚುಕಡಿಮೆ ಒಂದೇ. ರಾತ್ರಿ ನಿದ್ದೆ ಇಲ್ಲ, ಫೋನ್ ಕೈ ಬಿಡುವುದಿಲ್ಲ, ರಜೆಯಲ್ಲೂ ಮನಸ್ಸು ಪಂಪ್ ರೂಮಿನಲ್ಲೇ ಇರುತ್ತದೆ. 'ಇವರಿಗೆ ಆತಂಕದ ಕಾಯಿಲೆ, ಏನಾದರೂ ಮಾಡಿ' ಎಂದು ಮನೆಯವರು ಕರೆತರುತ್ತಾರೆ. ಎಷ್ಟೋ ಸಲ ಅದು ಕಾಯಿಲೆ ಆಗಿರುವುದಿಲ್ಲ. ಅದನ್ನು ಬಿಡಿಸಿ ಹೇಳಬೇಕೆಂದೇ ಈ ಪ್ರಕರಣ ಬರೆಯುತ್ತಿದ್ದೇನೆ. ಅವರ ಒಪ್ಪಿಗೆ ಪಡೆದಿದ್ದೇನೆ. ಹೆಸರು, ಗುರುತು ಸಿಗುವ ವಿವರ ಬದಲಿಸಿದ್ದೇನೆ.

ಇವರನ್ನು ಮೂರ್ತಿ ಅನ್ನೋಣ. ಐವತ್ತರ ಆಸುಪಾಸಿನ ವಯಸ್ಸು. ಎಲೆಕ್ಟ್ರಿಕಲ್ ಡಿಪ್ಲೊಮಾ ಮುಗಿಸಿ ಬೆಂಗಳೂರಿನಲ್ಲಿ, ಆಮೇಲೆ ಗಲ್ಫ್‌ನಲ್ಲಿ ಕೆಲಸ ಮಾಡಿದವರು. ಈಗ ಜಿನೀವಾದ ಒಂದು ಅಂತರರಾಷ್ಟ್ರೀಯ ಸಂಸ್ಥೆಯ ಕಟ್ಟಡಗಳ ಹೊಣೆ ಅವರದು. ಹೀಟಿಂಗ್, ನೀರು, ಲಿಫ್ಟ್, ಫೈರ್ ಅಲಾರಂ, ಕ್ಲೀನಿಂಗ್, ಸಭೆಯ ಕುರ್ಚಿ ಮೇಜು, ಎಲ್ಲವೂ ಅವರ ತಲೆಗೇ.

ಅಲ್ಲಿನ ಹಣದ ಕಥೆ ಸ್ವಲ್ಪ ಗೊತ್ತಿದ್ದರೆ ಅವರ ಕಷ್ಟ ಅರ್ಥವಾಗುತ್ತದೆ. ಇಂಥ ಸಂಸ್ಥೆಗಳು ನಡೆಯುವುದು ಹೆಚ್ಚಾಗಿ ಸದಸ್ಯ ದೇಶಗಳು ಕೊಡುವ ಹಣದಿಂದ. ದೇಶಗಳು ತಡ ಮಾಡಿದರೆ ಕೈಯಲ್ಲಿ ಕಾಸಿರುವುದಿಲ್ಲ. 2019ರ ಅಕ್ಟೋಬರ್‌ನಲ್ಲಿ ನ್ಯೂಯಾರ್ಕಿನ ವಿಶ್ವಸಂಸ್ಥೆ ಕಚೇರಿಯಲ್ಲಿ ಎಸ್ಕಲೇಟರ್ ನಿಲ್ಲಿಸಿದರು, ಹೀಟಿಂಗ್ ತಗ್ಗಿಸಿದರು. ಜಿನೀವಾದಲ್ಲಿರುವ ವಿಶ್ವಸಂಸ್ಥೆಯ ದೊಡ್ಡ ಕಟ್ಟಡ ಪಾಲೆ ದೆ ನಾಸಿಯೋಂ 2023ರ ಡಿಸೆಂಬರ್ 20ರಿಂದ 2024ರ ಜನವರಿ 12ರವರೆಗೆ ಖರ್ಚು ಉಳಿಸಲೆಂದೇ ಬಾಗಿಲು ಹಾಕಿತ್ತು. 2025ರಲ್ಲಿ ಅಮೆರಿಕ ಹಣ ಕಡಿತ ಮಾಡಿದ ಮೇಲೆ ಆ ಊರಿನ ಹಲವು ಸಂಸ್ಥೆಗಳು ಜನರನ್ನೇ ಕಡಿಮೆ ಮಾಡಿದವು. ಮೂರ್ತಿಯವರ ಸಂಸ್ಥೆ ಬೇರೆ, ಆದರೆ ಅಲ್ಲೂ ಕೈ ಬಿಗಿಯೇ. ಖರ್ಚು ಕಡಿತ ಅಂದಾಗ ಮೊದಲ ಕತ್ತರಿ ಮೇಂಟೆನೆನ್ಸ್‌ಗೆ ಬೀಳುತ್ತದೆ. ಈ ವರ್ಷ ಬಿಟ್ಟರೆ ಯಾರಿಗೂ ಕಾಣುವುದಿಲ್ಲವಲ್ಲ.

ಮೊದಲು ಮಾತಾಡಿದ್ದು ಅವರ ಹೆಂಡತಿ. "ಮೇಡಂ, ಇವರು ಎಲ್ಲಿಗೆ ಹೋದರೂ ನಲ್ಲಿ ಬಿಡ್ತಾರೆ. ಊರಲ್ಲಿ ನಮ್ಮಪ್ಪನ ಮನೆ ತಿಂಗಳುಗಟ್ಟಲೆ ಬೀಗ ಹಾಕಿತ್ತು. ರಜಕ್ಕೆ ಹೋದಾಗ ಕಿಟಕಿಯೆಲ್ಲ ತೆಗೆದು, ಬಚ್ಚಲು, ಅಡುಗೆಮನೆ, ಎಲ್ಲ ನಲ್ಲಿ ಬಿಟ್ಟು, ನಮ್ಮನ್ನೂ ಕರಕೊಂಡು ಹೊರಗೆ ಬಂದು ನಿಂತರು. ನೀರಿಗೆ ತತ್ವಾರ ಇರೋ ಊರು ಅದು! ನಮ್ಮಮ್ಮ ಏನೂ ಅನ್ನಲಿಲ್ಲ, ನನ್ನ ಮುಖ ನೋಡಿದರು ಅಷ್ಟೇ. ಶನಿವಾರ ಆಫೀಸಿಗೆ ರಜ. ಅಲ್ಲಿಗೂ ಹೋಗಿ ಇದೇ ಕೆಲಸ."

ಬೇರೊಬ್ಬ ಸಲಹೆಗಾರರು ಇದನ್ನು ಗೀಳು ಎಂದಿದ್ದರಂತೆ. ನಲ್ಲಿ ಮುಟ್ಟಬೇಕು ಅನ್ನಿಸಿದಾಗ ಮುಟ್ಟದೆ ತಡೆದುಕೊಳ್ಳಿ ಎಂದು ಅಭ್ಯಾಸವನ್ನೂ ಕೊಟ್ಟಿದ್ದರು. ಮೂರ್ತಿ ಶ್ರದ್ಧೆಯಿಂದ ಮಾಡಿದರು. ಇದ್ದಬದ್ದ ನಿದ್ದೆಯೂ ಹೋಯಿತು.

ನಾನು ಹೆಂಡತಿಯನ್ನೇ ಕೇಳಿದೆ, "ನಿಮ್ಮಣ್ಣನ ಮನೆಯಲ್ಲೂ ಹೀಗೇನಾ?"

ಸ್ವಲ್ಪ ಯೋಚಿಸಿದರು. "ಇಲ್ಲ. ಅಲ್ಲಿ ಮಾಡಲ್ಲ."

"ಸ್ನೇಹಿತರ ಮನೆಗೆ ಹೋದಾಗ?"

"ಇಲ್ಲಪ್ಪ. ಹೋಟೆಲ್ ರೂಮು, ಬೀಗ ಹಾಕಿದ ಮನೆ... ಅಷ್ಟೇ."

ನನಗೆ ದಾರಿ ತೋರಿಸಿದ್ದು ಈ ಉತ್ತರ. ಗೀಳಿನ ಭಯ ಹೀಗೆ ಲೆಕ್ಕಾಚಾರ ಮಾಡಿ ಬರುವುದು ಕಡಿಮೆ. ಅಣ್ಣನ ಮನೆಯ ನಲ್ಲಿ ದಿನಾ ಓಡುತ್ತದೆ, ಅಲ್ಲಿ ಭಯವಿಲ್ಲ. ನೀರು ನಿಂತ ಕಡೆ ಮಾತ್ರ ಭಯ. ಅಂದರೆ ಈ ಮನುಷ್ಯನಿಗೆ ಏನೋ ಗೊತ್ತಿದೆ. ಏನೆಂದು ಕೇಳಬೇಕು, ಅಷ್ಟೇ.

ಮುಂದಿನ ಸಲ ಮೂರ್ತಿ ಒಬ್ಬರೇ ಕೂತಿದ್ದರು. "ನಲ್ಲಿ ಬಿಡದಿದ್ದರೆ ಏನಾಗುತ್ತೆ, ಹೇಳಿ" ಎಂದೆ. ಅಲ್ಲಿಯವರೆಗೆ ಹೌದು, ಇಲ್ಲ ಅನ್ನುತ್ತಿದ್ದವರು ಬಾಯಿಬಿಟ್ಟರು. ನೀರು ಪೈಪಿನಲ್ಲಿ ಓಡಾಡದೆ ನಿಂತು, 20ರಿಂದ 45 ಡಿಗ್ರಿ ಒಳಗೆ ಬೆಚ್ಚಗೆ ಇದ್ದರೆ ಲೀಜಿಯೊನೆಲ್ಲಾ ಎಂಬ ಬ್ಯಾಕ್ಟೀರಿಯಾ ಬೆಳೆಯುತ್ತದೆ. ಶವರ್ ಬಿಟ್ಟಾಗ ಕಣ್ಣಿಗೆ ಕಾಣದ ಹನಿಗಳು ಉಸಿರಿನ ಜೊತೆ ಶ್ವಾಸಕೋಶಕ್ಕೆ ಹೋಗುತ್ತವೆ. ನ್ಯುಮೋನಿಯಾ ಬರುತ್ತದೆ. 1976ರಲ್ಲಿ ಫಿಲಡೆಲ್ಫಿಯಾದ ಒಂದು ಹೋಟೆಲಿನಲ್ಲಿ ಸಮಾವೇಶಕ್ಕೆ ಸೇರಿದ್ದ ಮಾಜಿ ಸೈನಿಕರಲ್ಲಿ ಸುಮಾರು 30 ಜನ ಇದರಿಂದ ಸತ್ತರು. ಕಾರಣ ಏನೆಂದು ಗೊತ್ತಾಗಿದ್ದು ಮರುವರ್ಷ ಜನವರಿಯಲ್ಲಿ. ಅದಕ್ಕೇ ಬಿಸಿನೀರಿನ ಟ್ಯಾಂಕು 60 ಡಿಗ್ರಿಯಲ್ಲಿ ಇರಬೇಕು, ನಲ್ಲಿಯಲ್ಲಿ 50ಕ್ಕಿಂತ ಮೇಲೆ ಬರಬೇಕು, ಬಳಸದ ನಲ್ಲಿಗಳನ್ನು ವಾರಕ್ಕೊಮ್ಮೆಯಾದರೂ ಓಡಿಸಬೇಕು.

ಕೋವಿಡ್ ಆದ ಮೇಲೆ ಅವರ ಕಟ್ಟಡದಲ್ಲಿ ಅರ್ಧ ಜನ ಮನೆಯಿಂದಲೇ ಕೆಲಸ ಮಾಡುತ್ತಾರೆ. ಎರಡು ಮಹಡಿ ಹೆಚ್ಚುಕಡಿಮೆ ಖಾಲಿ. ಸೈಕಲ್‌ನಲ್ಲಿ ಬರುವವರಿಗೆಂದು ಅಲ್ಲಿ ಶವರ್‌ಗಳಿವೆ, ಬಳಸುವವರಿಲ್ಲ. ನಲ್ಲಿ ಓಡಿಸಲು ಬರುತ್ತಿದ್ದ ಗುತ್ತಿಗೆಯವರನ್ನು ಖರ್ಚಿಗೆಂದು ನಿಲ್ಲಿಸಿದರು. ಬಿಸಿನೀರಿನ ಉಷ್ಣತೆಯನ್ನೂ ಇಳಿಸಿ ಎಂದರು. 'ಇರೋದರಲ್ಲೇ ಹೊಂದಿಸಿಕೊಂಡು ಹೋಗಿ' ಎಂದು ಮೇಲಿನವರಿಂದ ಒಂದು ಸಾಲು ಬಂತು. ಇವರು 'ಆಯ್ತು' ಎಂದರು. ಶನಿವಾರದ ಓಡಾಟ ಶುರುವಾದದ್ದು ಅಲ್ಲಿಂದ.

ಮಾತಾಡುತ್ತಾ ಒಂದು ನೋಟ್‌ಬುಕ್ ತೆಗೆದು ಕ್ಯಾಮೆರಾ ಮುಂದೆ ಹಿಡಿದರು. ಸ್ಕೇಲಿಟ್ಟು ಗೆರೆ ಎಳೆದ ಪುಟಗಳು. ಮಹಡಿ, ನಲ್ಲಿ, ಎಷ್ಟು ಹೊತ್ತು ಬಿಟ್ಟದ್ದು, ಎಷ್ಟು ಡಿಗ್ರಿ. ಕಡಿಮೆ ಬಂದ ಕಡೆ ಕೆಂಪು ಪೆನ್ನಿನ ಗುರುತು. ಈಚಿನ ಪುಟಗಳಲ್ಲಿ ಕೆಂಪು ಜಾಸ್ತಿ ಇತ್ತು.

"ಇದನ್ನು ಯಾರು ಯಾರು ನೋಡಿದ್ದಾರೆ ಮೂರ್ತಿಯವರೇ?"

"ಯಾರೂ ಇಲ್ಲ ಮೇಡಂ."

"ಯಾಕೆ?"

"ಯಾರೂ ಕೇಳಲಿಲ್ಲ." ಆಮೇಲೆ ನೋಟ್‌ಬುಕ್ ಮುಚ್ಚಿ ಹೇಳಿದರು, "ಭಯ ಇರೋದು ಸರಿನೇ ಮೇಡಂ. ಅಷ್ಟು ದೊಡ್ಡ ಬಿಲ್ಡಿಂಗು, ಅಷ್ಟೊಂದು ಜನ. ಭಯ ಮಾತ್ರ ನನಗೊಬ್ಬನಿಗೇ ಇದೆ."

ಆ ದಿನ ನಾನು ಉಸಿರಾಟದ ಅಭ್ಯಾಸ ಹೇಳಿಕೊಡಲಿಲ್ಲ. ನಿದ್ದೆಯ ಮಾತೂ ಎತ್ತಲಿಲ್ಲ. ಒಂದು ಪುಟದ ಪತ್ರ ಬರೆಯಲು ಹೇಳಿದೆ. ಯಾವ ಕೆಲಸ ನಿಂತಿದೆ, ಯಾವಾಗಿನಿಂದ, ಅದರಿಂದ ಏನಾಗಬಹುದು, ಕೆಂಪು ಗುರುತುಗಳು ಎಲ್ಲೆಲ್ಲಿ ಇವೆ. ಕೆಳಗೆ ಮೂರು ಆಯ್ಕೆ. ಗುತ್ತಿಗೆ ಮತ್ತೆ ಶುರು ಮಾಡಿ, ಉಷ್ಣತೆ ಮೊದಲಿನಂತೆ ಇಡುವುದು. ಇಲ್ಲವೇ ಖಾಲಿ ಮಹಡಿಗಳ ನೀರಿನ ಲೈನನ್ನು ಮುಖ್ಯ ಪೈಪಿನ ಹತ್ತಿರವೇ ಕತ್ತರಿಸಿ ಪೂರ್ತಿ ಬಂದ್ ಮಾಡುವುದು. ಎರಡೂ ಬೇಡವೆಂದರೆ, ಅಪಾಯ ಗೊತ್ತಿದ್ದೂ ಹೀಗೇ ಬಿಡುತ್ತಿದ್ದೇವೆ ಎಂದು ಮೇಲಿನವರು ಸಹಿ ಹಾಕುವುದು. ಪತ್ರದ ಪ್ರತಿ ಸಂಸ್ಥೆಯ ವೈದ್ಯರಿಗೆ, ಸುರಕ್ಷತಾ ಸಮಿತಿಗೆ. ಸಹಿ ಹಾಕಬೇಕು ಅಂದಾಗ ಮೂರನೆಯದನ್ನು ಆರಿಸುವವರು ಬಹಳ ಕಡಿಮೆ.

ಈ ಸಲಹೆಯನ್ನು ಕೆಲವು ಸಹೋದ್ಯೋಗಿಗಳು ಒಪ್ಪಲಿಲ್ಲ. "ಇದು ಆಪ್ತಸಲಹೆಯೇ ಅಲ್ಲ, ಆಫೀಸಿನ ವ್ಯವಹಾರ. ನೀವು ಗೆರೆ ದಾಟಿದಿರಿ" ಎಂದರು. ನಾನು ಹಾಗೆ ನೋಡುವುದಿಲ್ಲ. ಇವರ ಭಯ ತಪ್ಪು ಮಾಹಿತಿಯಿಂದ ಹುಟ್ಟಿದ್ದಲ್ಲ. ಕಟ್ಟಡದಲ್ಲಿ ನಿಜವಾಗಿ ಇರುವ ಅಪಾಯದ ಸುದ್ದಿ ಅದು. ಅದನ್ನು ಮಾತ್ರೆ ಕೊಟ್ಟೋ ಧ್ಯಾನ ಹೇಳಿಕೊಟ್ಟೋ ಸುಮ್ಮನಾಗಿಸಿದರೆ ಅಪಾಯ ಅಲ್ಲೇ ಇರುತ್ತದೆ, ಅದನ್ನು ಕಂಡಿದ್ದ ಒಬ್ಬ ಮನುಷ್ಯನೂ ಮಂಕಾಗುತ್ತಾನೆ. ಆ ಕಟ್ಟಡದಲ್ಲಿ ಕೆಲಸ ಮಾಡುವವರಿಗೂ ಇದು ಅನ್ಯಾಯ ಅಲ್ವಾ? ತೀರ್ಮಾನ ಮಾಡಿದ್ದು ಒಬ್ಬರು, ಅದರ ಭಯ ಹೊತ್ತು ತಿರುಗುತ್ತಿರುವುದು ಇನ್ನೊಬ್ಬರು. ಹೊರೆಯನ್ನು ತೀರ್ಮಾನ ಮಾಡಿದವರ ಮೇಜಿಗೆ ವಾಪಸು ಕಳಿಸುವುದೇ ಇಲ್ಲಿ ಚಿಕಿತ್ಸೆ.

ಪತ್ರ ಬರೆಯುವುದು ಅಷ್ಟು ಸುಲಭವಿರಲಿಲ್ಲ. "ದೂರು ಹೇಳಿದರೆ ಇವನಿಗೆ ಕೆಲಸ ಬರಲ್ಲ ಅಂತಾರೆ" ಎನ್ನುವ ಅಳುಕು ಅವರಿಗೆ ಮೊದಲಿನಿಂದಲೂ ಇತ್ತು. ಜಿನೀವಾದಲ್ಲಿ ಕೆಲಸ ಹೋದರೆ ಅಲ್ಲಿ ಉಳಿಯುವ ಹಕ್ಕೂ ಬೇಗ ಹೋಗುತ್ತದೆ. ಇಂಥ ಸಂಸ್ಥೆಗಳಿಗೆ ಕಾನೂನಿನ ರಕ್ಷಣೆ ಇರುವುದರಿಂದ ಅಲ್ಲಿನ ಸಾಮಾನ್ಯ ಕೋರ್ಟಿಗೂ ಹೋಗುವಂತಿಲ್ಲ, ಒಳಗಿನ ವ್ಯವಸ್ಥೆಯಲ್ಲೇ ಹೋರಾಡಬೇಕು. ಮಗಳ ಓದು ಬೇರೆ ಇತ್ತು. ಏನೂ ಆಗಲ್ಲ ಎಂದು ನಾನು ಭರವಸೆ ಕೊಡಲಿಲ್ಲ. ಮೊದಲು ಸಂಸ್ಥೆಯ ಒಂಬುಡ್ಸ್‌ಮನ್ (ನೌಕರರ ಅಹವಾಲು ಕೇಳುವ ಸ್ವತಂತ್ರ ಅಧಿಕಾರಿ) ಹತ್ತಿರ, ನೌಕರರ ಸಂಘದಲ್ಲಿ ಮಾತಾಡಿ, ಹೆಂಡತಿಗೆ ಎಲ್ಲ ತಿಳಿಸಿ, ಆಮೇಲೆ ನೀವೇ ತೀರ್ಮಾನ ಮಾಡಿ ಎಂದೆ. ನೋಟ್‌ಬುಕ್ ನೋಡಿದ ಮೇಲೆ ಹೆಂಡತಿಯೇ "ಕಳಿಸಿ" ಎಂದರಂತೆ.

ಮೇಲಧಿಕಾರಿ ಬಹಳ ದಿನ ಉತ್ತರ ಕೊಡಲಿಲ್ಲ. ಸಂಸ್ಥೆಯ ವೈದ್ಯರು ಪತ್ರ ಓದಿ ತಾವೇ ಫೋನ್ ಮಾಡಿದರು. ಕೊನೆಗೆ ಎರಡು ಮಹಡಿಯ ಲೈನ್ ಬಂದ್ ಆಯಿತು, ಉಷ್ಣತೆ ಮತ್ತೆ ಏರಿತು. ಮೇಲಧಿಕಾರಿಯ ಮುಖ ಕೆಲವು ಕಾಲ ಬಿಗಿಯಾಗಿಯೇ ಇತ್ತು. ಮೂರ್ತಿ ಅದನ್ನು ತಡೆದುಕೊಂಡರು. ನಿದ್ದೆ ಒಂದೇ ಸಲ ಬರಲಿಲ್ಲ, ನಿಧಾನವಾಗಿ ಬಂತು.

ಇದನ್ನು ಓದುವ ಮನೆಯವರಿಗೆ ಒಂದು ಮಾತು. ನಿಮ್ಮವರು ಹೀಗೆ ಒದ್ದಾಡುತ್ತಿದ್ದರೆ, ಎಲ್ಲ ಕಡೆಯೂ ಹೀಗೇನಾ, ಕೆಲವು ಕಡೆ ಮಾತ್ರವಾ ಎಂದು ಗಮನಿಸಿ. ಪರಿಸ್ಥಿತಿ ಬದಲಾದರೂ ಭಯ ಬದಲಾಗದೇ ಇದ್ದರೆ ಮನೋವೈದ್ಯರನ್ನು ಕಾಣಲೇಬೇಕು, ತಡ ಮಾಡಬೇಡಿ. ಗೀಳಿಗೆ ಒಳ್ಳೆಯ ಚಿಕಿತ್ಸೆ ಇದೆ.

ಕೆಲಸದವರಿಗೂ ಒಂದು ಮಾತಿದೆ. ಪತ್ರ ಎಲ್ಲದಕ್ಕೂ ಮದ್ದಲ್ಲ. ಬೆಂಗಳೂರಿನ ಒಬ್ಬ ಸೂಪರ್‌ವೈಸರ್‌ಗೆ ಎಸ್‌ಟಿಪಿ (ಕೊಳಚೆ ನೀರು ಶುದ್ಧ ಮಾಡುವ ಘಟಕ) ಟ್ಯಾಂಕ್ ಒಳಗೆ ಹುಡುಗನನ್ನು ಇಳಿಸು ಎಂದು ಬಾಯಿಮಾತಿನಲ್ಲಿ ಹೇಳಿದ್ದರು. ರಕ್ಷಣೆಯಿಲ್ಲದೆ ಒಳಚರಂಡಿ, ಸೆಪ್ಟಿಕ್ ಟ್ಯಾಂಕಿಗೆ ಜನರನ್ನು ಇಳಿಸುವುದನ್ನು 2013ರ ಕಾಯ್ದೆ ನಿಷೇಧಿಸಿದೆ. ಅಂಥ ಕಡೆ ಆಯ್ಕೆ ಬರೆದು ಸಹಿಗೆ ಕಾಯುವ ಪ್ರಶ್ನೆಯೇ ಇಲ್ಲ, 'ಆಗಲ್ಲ' ಅನ್ನಬೇಕು. ಅವರಿಗೆ ನಾನು ಹೇಳಿದ್ದೂ ಅದನ್ನೇ.

ಈಚೆಗೆ ಮೂರ್ತಿಯವರಿಗೆ ಫೈರ್ ಪಂಪಿನ ಸರ್ವಿಸ್ ಮುಂದಿನ ವರ್ಷಕ್ಕೆ ಹಾಕಿ ಎಂದು ಮೇಲ್ ಬಂತು. ಈ ಸಲ ಅವರು ಒಂದು ಪುಟ ಬರೆದು ಕಳಿಸಿ, ಆಮೇಲೆ ನನಗೆ ತಿಳಿಸಿದರು. ಉತ್ತರ ಇನ್ನೂ ಬಂದಿಲ್ಲ. ಪ್ರತಿ ಸೋಮವಾರ ಬೆಳಗ್ಗೆ ಒಂದು ರಿಮೈಂಡರ್ ಕಳಿಸುತ್ತಿದ್ದಾರೆ.