ನಿಮ್ಮ ಗೇಮ್ ದೊಡ್ಡದಾ, ನಮ್ಮದು ದೊಡ್ಡದಾ?

ಪ್ರಶ್ನೆ: ನನ್ನ ಹತ್ತಿರ ಸೋನಿಯ ಗೇಮ್ ಯಂತ್ರ ಪ್ಲೇಸ್ಟೇಷನ್ ಇದೆ, ಗೆಳೆಯನ ಹತ್ತಿರ ಮೈಕ್ರೋಸಾಫ್ಟ್‌ನ ಎಕ್ಸ್‌ಬಾಕ್ಸ್. ‘ಗಾಡ್ ಆಫ್ ವಾರ್’ ಎರಡು ಕೋಟಿಗಿಂತ ಜಾಸ್ತಿ ಮಾರಾಟ ಆಗಿದೆ ಅಂತ ನಾನು ಹೇಳಿದರೆ, ‘ಫೋರ್ಜಾ ಹೊರೈಜನ್ 5’ ಅನ್ನು ಒಂದೇ ವಾರದಲ್ಲಿ ಒಂದು ಕೋಟಿ ಜನ ಆಡಿದರು ಅಂತ ಅವನು ಹೇಳುತ್ತಾನೆ. ಯಾರ ಲೆಕ್ಕ ಸರಿ?

ಉತ್ತರ: ಇಬ್ಬರ ಲೆಕ್ಕವೂ ಸರಿ. ಎರಡನ್ನೂ ಒಂದೇ ತಕ್ಕಡಿಗೆ ಹಾಕುವುದು ತಪ್ಪು. ನೀವು ಹೇಳುತ್ತಿರುವುದು ಮಾರಾಟ. 2018ರ ‘ಗಾಡ್ ಆಫ್ ವಾರ್’ 2022ರ ನವೆಂಬರ್ ಹೊತ್ತಿಗೆ 2 ಕೋಟಿ 30 ಲಕ್ಷ ಪ್ರತಿ ದಾಟಿತ್ತು. ನಿಮ್ಮ ಗೆಳೆಯ ಹೇಳುವುದು ಆಡಿದವರ ಸಂಖ್ಯೆ. ಗೇಮ್ ಪಾಸ್ ಅನ್ನುವ ಮೈಕ್ರೋಸಾಫ್ಟ್ ಸೇವೆಗೆ ತಿಂಗಳ ಚಂದಾ ಕಟ್ಟುವವರು ಫೋರ್ಜಾವನ್ನು ಬೇರೆಯಾಗಿ ಕೊಳ್ಳಬೇಕಾಗಿಲ್ಲ. ಸುಮ್ನೆ ಡೌನ್‌ಲೋಡ್ ಮಾಡಿ, ಒಂದು ರೇಸ್ ಓಡಿಸಿ, ಇಷ್ಟವಾಗದೆ ಡಿಲೀಟ್ ಮಾಡಿದವರೂ ಅಲ್ಲಿ ಲೆಕ್ಕಕ್ಕೆ ಬರುತ್ತಾರೆ. ಮೈಕ್ರೋಸಾಫ್ಟ್ ಅಂತೂ 2015ರಿಂದ ಎಷ್ಟು ಎಕ್ಸ್‌ಬಾಕ್ಸ್ ಮಾರಿದೆವು ಅನ್ನುವುದನ್ನೇ ಹೇಳುತ್ತಿಲ್ಲ. ಒಂದು ಕಡೆಯ ಅಂಕಿಯೇ ಇಲ್ಲದಿರುವಾಗ ಸ್ಕೋರ್ ಇಡುವುದು ಹೇಗೆ?

ಇದಕ್ಕಿಂತ ದೊಡ್ಡ ವಿಷಯ ಒಂದಿದೆ. ಮಾರಾಟ ಜಾಸ್ತಿ ಅಂದರೆ ಗೇಮ್ ಚೆನ್ನಾಗಿದೆ ಅಂತ ನೀವಿಬ್ಬರೂ ಒಪ್ಪಿಕೊಂಡೇ ಜಗಳ ಆಡುತ್ತಿದ್ದೀರಿ, ಅಲ್ವಾ? ‘ಮಾರಿಯೊ ಕಾರ್ಟ್ 8’ ಅನ್ನುವ ರೇಸ್ ಗೇಮ್ ನೋಡಿ. 2014ರಲ್ಲಿ ನಿಂಟೆಂಡೊ ಕಂಪನಿಯ ವೀ ಯು ಯಂತ್ರದ ಮೇಲೆ ಬಂತು. ಆ ಯಂತ್ರವನ್ನು ಜನ ಕೊಳ್ಳಲಿಲ್ಲ, ಒಟ್ಟು ಮಾರಾಟವಾದದ್ದೇ ಸುಮಾರು 1 ಕೋಟಿ 35 ಲಕ್ಷ. ಗೇಮ್ 84 ಲಕ್ಷದ ಹತ್ತಿರ ನಿಂತಿತು. ಅದೇ ಗೇಮ್ ಅನ್ನು, ಬ್ಯಾಟಲ್ ಮೋಡ್ ಸರಿಮಾಡಿ ಒಂದಷ್ಟು ಹೊಸ ಪಾತ್ರಗಳನ್ನು ಸೇರಿಸಿ, 2017ರಲ್ಲಿ ನಿಂಟೆಂಡೊದ ಮುಂದಿನ ಯಂತ್ರ ಸ್ವಿಚ್‌ಗೆ ತಂದರು. 6 ಕೋಟಿ ದಾಟಿತು! ಕೊನೆಯ ತಿರುವಿನಲ್ಲಿ ನೀವೇ ಮುಂದಿದ್ದೀರಿ, ಹಿಂದಿನಿಂದ ಎದುರಾಳಿ ಬಿಟ್ಟ ನೀಲಿ ಚಿಪ್ಪು ಹಾರಿ ಬಂದು ತಲೆಯ ಮೇಲೆ ಒಂದು ಸುತ್ತು ಹಾಕಿ ಬೀಳುತ್ತದೆ, ಗಾಡಿ ಗಿರಗಿರ ತಿರುಗಿ ಸುಧಾರಿಸಿಕೊಳ್ಳುವಷ್ಟರಲ್ಲಿ ಮೂವರು ದಾಟಿ ಹೋಗಿರುತ್ತಾರೆ. ಆ ಹೊಟ್ಟೆ ಉರಿ 84 ಲಕ್ಷದಲ್ಲೂ ಅಷ್ಟೇ, 6 ಕೋಟಿಯಲ್ಲೂ ಅಷ್ಟೇ. ಬದಲಾಗಿದ್ದು ಆ ಯಂತ್ರ ಎಷ್ಟು ಮನೆಯಲ್ಲಿತ್ತು ಅನ್ನುವುದು ಮಾತ್ರ.

ಪ್ರಶ್ನೆ: ಫೋರ್ಜಾ ಪ್ಲೇಸ್ಟೇಷನ್‌ಗೂ ಬಂತು. ಅದಕ್ಕೋಸ್ಕರವೇ ಎಕ್ಸ್‌ಬಾಕ್ಸ್ ಕೊಂಡವನು ನಾನು. ಮೋಸ ಹೋದ ಹಾಗೆ ಅನ್ನಿಸುತ್ತಿದೆ. ಗೆಳೆಯರು ಬೇರೆ ಆಡಿಕೊಳ್ಳುತ್ತಾರೆ.

ಉತ್ತರ: ನಿಮಗೆ ಬೇಜಾರಾಗಿದ್ದು ತಪ್ಪಲ್ಲ. ದುಡ್ಡು ಕೂಡಿಟ್ಟು ಒಂದು ಯಂತ್ರ ಆರಿಸಿಕೊಂಡಿದ್ದೀರಿ, ಆ ಆಯ್ಕೆಗೆ ಇದ್ದ ಕಾರಣವೇ ಕೈಬಿಟ್ಟ ಹಾಗಾಗಿದೆ. ಆಡಿಕೊಳ್ಳುವ ಗೆಳೆಯರಿಗೆ ಇದು ಗೊತ್ತಾಗಬೇಕು. ಆದರೆ ನಿಮ್ಮ ಗೇಮ್‌ನಲ್ಲಿ ಒಂದು ರಸ್ತೆಯೂ ಕಡಿಮೆಯಾಗಿಲ್ಲ, ಒಂದು ಕಾರೂ ಹೋಗಿಲ್ಲ. ಜೊತೆಗೆ ಓಡಿಸುವವರು ಜಾಸ್ತಿ ಆಗಿದ್ದಾರೆ.

ಕಂಪನಿ ಹೀಗೇಕೆ ಮಾಡಿತು ಅಂದರೆ ಲೆಕ್ಕ ಸರಳ. ದೊಡ್ಡ ಗೇಮ್ ಮಾಡಲು ನಾಲ್ಕೈದು ವರ್ಷ, ನೂರಾರು ಜನ ಬೇಕು. ಒಂದೇ ಯಂತ್ರದ ಮೇಲೆ ಮಾರಿ ಅಷ್ಟೂ ಖರ್ಚು ವಾಪಸ್ ತೆಗೆಯುವುದು ಕಷ್ಟವಾಗುತ್ತಿದೆ. ಸೋನಿಯೂ ಪ್ಲೇಸ್ಟೇಷನ್‌ನಲ್ಲಿ ಮಾತ್ರ ಇದ್ದ ‘ಹೊರೈಜನ್ ಜೀರೋ ಡಾನ್’ ಅನ್ನು 2020ರಲ್ಲಿ ಪಿಸಿಗೆ ತಂದಿತು. 2024ರಲ್ಲಿ ಸೋನಿಯದೇ ‘ಹೆಲ್‌ಡೈವರ್ಸ್ 2’ ಮೊದಲ ದಿನವೇ ಪಿಸಿಯಲ್ಲೂ ಬಂತು, ಮುಂದಿನ ವರ್ಷ ಎಕ್ಸ್‌ಬಾಕ್ಸ್‌ಗೂ ಬಂತು. ಎರಡೂ ಕಡೆಯ ಗೋಡೆ ಬೀಳುತ್ತಿದೆ.

ಅಂದಹಾಗೆ ಈ ಗೋಡೆ ಯಾವತ್ತೂ ಗಟ್ಟಿ ಇರಲಿಲ್ಲ. ‘ಹೇಲೋ’ ಅಂದರೆ ಎಕ್ಸ್‌ಬಾಕ್ಸ್ ಅಂತ ನಾವೆಲ್ಲ ಹೇಳುತ್ತೇವೆ. ಅದನ್ನು 1999ರಲ್ಲಿ ಮೊದಲು ಜನರಿಗೆ ತೋರಿಸಿದ್ದು ಆಪಲ್ ವೇದಿಕೆಯಲ್ಲಿ, ಮ್ಯಾಕ್ ಗೇಮ್ ಅಂತ. ಮರುವರ್ಷ ಮೈಕ್ರೋಸಾಫ್ಟ್ ಅದನ್ನು ಮಾಡುತ್ತಿದ್ದ ಸ್ಟುಡಿಯೊವನ್ನೇ ಕೊಂಡಿತು. ಬಂಜಿ ಅನ್ನುವ ಅದೇ ಸ್ಟುಡಿಯೊ 2007ರಲ್ಲಿ ಹೊರಬಂತು, 2022ರಲ್ಲಿ ಸೋನಿ ಕೈಗೆ ಹೋಯಿತು. ‘ಹೇಲೋ’ ಹೆಸರು ಮೈಕ್ರೋಸಾಫ್ಟ್ ಹತ್ತಿರವೇ ಉಳಿಯಿತು. ಹಾಗಾದರೆ ‘ಹೇಲೋ’ ಅಭಿಮಾನಿ ಯಾರ ಪರ ನಿಲ್ಲಬೇಕು? ನನಗೆ ಆ ಗೇಮ್ ತುಂಬಾ ಇಷ್ಟ, ಅದಕ್ಕೇ ಕೇಳುತ್ತಿದ್ದೇನೆ.

ಪ್ರಶ್ನೆ: ಎಕ್ಸ್‌ಕ್ಲೂಸಿವ್, ಅಂದರೆ ಒಂದೇ ಕಂಪನಿಯ ಯಂತ್ರಕ್ಕೆ ಮೀಸಲಾದ ಗೇಮ್, ಅನ್ನುವುದೇ ಇಲ್ಲದಿದ್ದರೆ ಎಲ್ಲರಿಗೂ ಒಳ್ಳೆಯದಲ್ವಾ?

ಉತ್ತರ: ಎಲ್ಲ ಸಲವೂ ಅಲ್ಲ. ದುಡ್ಡು ಕೊಟ್ಟು ಒಂದು ಗೇಮ್ ಬೇರೆ ಕಡೆ ಬರದ ಹಾಗೆ ತಡೆಯುವುದು ಬೇರೆ, ದುಡ್ಡು ಹಾಕಿ ಗೇಮ್ ಹುಟ್ಟುವ ಹಾಗೆ ಮಾಡುವುದು ಬೇರೆ. ಮೊದಲನೆಯದು ನನಗೂ ಸೇರುವುದಿಲ್ಲ. ಎರಡನೆಯದಕ್ಕೆ ‘ಬೇಯೊನೆಟಾ 2’ ಸಾಕ್ಷಿ. ಮೊದಲ ‘ಬೇಯೊನೆಟಾ’ ಪ್ಲೇಸ್ಟೇಷನ್ 3, ಎಕ್ಸ್‌ಬಾಕ್ಸ್ 360 ಎರಡರಲ್ಲೂ ಇತ್ತು. ಎರಡನೆಯದು ವೀ ಯುಗೆ ಮಾತ್ರ ಅಂತ ಗೊತ್ತಾದಾಗ ಹಳೆಯ ಅಭಿಮಾನಿಗಳು ಸಿಟ್ಟಿಗೆದ್ದರು, ನಮ್ಮ ಗೇಮ್ ಕಿತ್ತುಕೊಂಡರು ಅಂದರು. ಅವರ ನೋವು ನಿಜವೇ. ಆದರೆ ನಿಂಟೆಂಡೊ ದುಡ್ಡು ಹಾಕದಿದ್ದರೆ ಆ ಗೇಮ್ ಬರುತ್ತಲೇ ಇರಲಿಲ್ಲ ಅಂತ ಅದನ್ನು ಮಾಡಿದವರೇ ಹೇಳಿದರು. 2014ರಲ್ಲಿ ಬಂತು, ಅದ್ಭುತವಾಗಿತ್ತು. ಆಡಬೇಕು ಅಂದರೆ ಈಗಲೂ ನಿಂಟೆಂಡೊ ಯಂತ್ರವೇ ಬೇಕು. ಒಬ್ಬ ಗೆಳೆಯನ ಹತ್ತಿರ ಇದ್ದರೆ ಎರಡು ವಾರಕ್ಕೆ ಕೇಳಿ ತನ್ನಿ, ಅಷ್ಟರಲ್ಲಿ ಮುಗಿಯುತ್ತದೆ.